ನನ್ನ ಜರ್ಮನ್ ಷಡ್ಡಕನೂ ಮೈದಾನ್ ಹವಲ್ಲಿಯ ಹಾರ್ನೂ

ಕನಸು ಕಾಣಲು ಹಾಸಿಗೆಯೇ ಬೇಕೆಂದು ನಂಬಿದವರು ಬೆಳಗಿನ ಹೊತ್ತು ಕುವೈತಿನ ಹವಲ್ಲಿಯ ಸಿಗ್ನಲಿನಲ್ಲಿ ಕಾರು ನಿಲ್ಲಿಸಿ ನೋಡಿರಲಾರರು. ನನ್ನ ಬದುಕಿನ ಒಳ್ಳೊಳ್ಳೆಯ ಕನಸುಗಳನ್ನೆಲ್ಲ ನಾನು ಕಂಡದ್ದು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು, ಕಣ್ಣು ಪೂರ್ತಿ ತೆರೆದುಕೊಂಡು. ಎದುರಿಗೆ ಧೂಳು ಬೆರೆತ ಹಳದಿ ಬೆಳಕು, ಅದರೊಳಗೆ ಬ್ರೇಕ್ ಲೈಟುಗಳ ಕೆಂಪು ಸಾಲು, ಕಿವಿಯಲ್ಲಿ ಎಸಿಯ ಜೋಗುಳ. ಮನಸ್ಸು ಮೆಲ್ಲಗೆ ಕಾರಿನ ಬಾಗಿಲು ತೆರೆದುಕೊಂಡು ಇಳಿದು ಹೋಗುತ್ತದೆ. ಹಾಗೆಂದು ನನ್ನನ್ನು ಅಶಿಸ್ತಿನ ಮನುಷ್ಯನೆಂದು ತಿಳಿಯಬೇಡಿ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ, ಗಂಟೆ ಹೊಡೆದರೆ ಅರ್ಧಕ್ಕೇ ಮಾತು ನಿಲ್ಲಿಸುವ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಅಲ್ಲಿನ ವಾರ್ಡನ್ ಪಾದ್ರಿಗಳು ಚಾದರದಲ್ಲಿ ಒಂದು ಸುಕ್ಕು ಕಂಡರೆ ಇಡೀ ಹಾಸಿಗೆಯನ್ನು ಮತ್ತೆ ಹಾಸಿಸುತ್ತಿದ್ದರು. ಈಗಲೂ ಶುಕ್ರವಾರ ಬೆಳಿಗ್ಗೆ ಟಯರಿನ ಗಾಳಿ ನೋಡದೆ ನನಗೆ ತಿಂಡಿ ಇಳಿಯುವುದಿಲ್ಲ. ಕನಸಿಗೂ ನಾನೊಂದು ವೇಳೆ ಗೊತ್ತುಮಾಡಿದ್ದೇನೆ. ಕೆಂಪು ದೀಪ ಇರುವಷ್ಟು ಹೊತ್ತು ಕಾಣಬಹುದು. ಹಸಿರು ಬಂದ ಕೂಡಲೆ ಖಲಾಸ್.

ಬಹಳ ಕಾಲ ನಾನು ಕಂಡದ್ದು ಒಂದೇ ಕನಸು. ನನ್ನಲ್ಲೊಂದು ಹಳೆಯ ಜರ್ಮನ್ ಕಾರಿದೆ. ಯಾರೋ ಓಡಿಸಿ ಬಿಟ್ಟದ್ದನ್ನು ನಾನು ತೆಗೆದುಕೊಂಡೆ. ಆದರೆ ಅದರ ಬಾಗಿಲು ಮುಚ್ಚುವಾಗ ಬರುವ ಸದ್ದಿನಲ್ಲಿ ಈಗಲೂ ಮನೆತನದ ಗಾಂಭೀರ್ಯವಿದೆ. ಮರಳುಗಾಡಿಗೆ ಮದುವೆಯಾಗಿ ಬಂದ ಸೊಸೆಯ ಹಾಗೆ ಅದು ಈ ಬಿಸಿಲನ್ನೂ ಧೂಳನ್ನೂ ಮಾತಿಲ್ಲದೆ ಸಹಿಸಿಕೊಂಡಿದೆ. ಅದರ ತವರಿನಲ್ಲಿ ವೇಗಕ್ಕೆ ಮಿತಿಯೇ ಇಲ್ಲದ ರಸ್ತೆಗಳಿವೆಯೆಂದು ಕೇಳಿದ್ದೆ. ಎರಡೂ ಕಡೆ ಕಪ್ಪು ಹಸಿರು ಕಾಡು, ನಡುವೆ ನೀರಿನಂತೆ ನುಣುಪಾದ ದಾರಿ, ಹಾರ್ನಿಲ್ಲ, ಬೈಗುಳವಿಲ್ಲ, ಎಲ್ಲರೂ ಅವರವರ ಸಾಲಿನಲ್ಲಿ. ರಿಂಗ್ ರೋಡಿನಲ್ಲಿ ಹಿಂದಿನಿಂದ ಯಾವನೋ ದೊಡ್ಡ ಜೀಪಿನವನು ಕಣ್ಣು ಕುಕ್ಕುವ ಹಾಗೆ ಲೈಟು ಹೊಡೆದು ನನ್ನನ್ನು ಬದಿಗೆ ತಳ್ಳಿದಾಗಲೆಲ್ಲ ನಾನು ಆ ಕಾಡಿನ ದಾರಿಗೆ ಹೋಗಿ ಬರುತ್ತಿದ್ದೆ.

ಕನಸಿಗೆ ಹೋದರೂ ನಾನು ಒಬ್ಬನೇ ಇರುತ್ತಿರಲಿಲ್ಲ. ಕಾರಿನಲ್ಲಿ ಇನ್ನಿಬ್ಬರಿದ್ದರು. ಒಬ್ಬ ರೊನಾಲ್ಡ್. ನಮ್ಮ ಕಟ್ಟಡದಲ್ಲೇ ಮೇಲಿನ ಮಹಡಿಯವನು, ಪೇಟೆಯ ನಡುವಿನ ಮಿರ್ಕಾಬಿನ ಒಂದು ಆಫೀಸಿನಲ್ಲಿ ಕೆಲಸ. ನನ್ನ ಪಕ್ಕದಲ್ಲಿ ಕೂತು ಅರ್ಧ ನಿದ್ದೆಯಲ್ಲೇ ಲೋಕದ ಮೇಲೆ ಟೀಕೆ ಮಾಡುವುದು, ಹಸಿರು ಬಂದರೆ ನನ್ನನ್ನು ಕನಸಿನಿಂದ ಎಬ್ಬಿಸುವುದು ಅವನ ಅಭ್ಯಾಸ. ಇನ್ನೊಬ್ಬ ಹಿಂದಿನ ಬೀದಿಯ ದಿವಾಕರ, ಹೋಟೆಲೊಂದರ ರಿಸೆಪ್ಷನಿನವನು. ಅವನ ಕಟ್ಟಡದ ಕೆಳಗೆ ನಾನು ಎರಡು ಸಲ ಹಾರ್ನ್ ಮಾಡುವುದು, ಅವನು ಒಂದು ಕೈಯಲ್ಲಿ ಟೈ, ಇನ್ನೊಂದರಲ್ಲಿ ಅವನ ಹೆಂಡತಿ ಕಟ್ಟಿಕೊಟ್ಟ ಬಿಸಿ ಬನ್ಸಿನ ಪೊಟ್ಟಣ ಹಿಡಿದು ಓಡಿ ಬರುವುದು, ಸಿಗ್ನಲಿನಲ್ಲಿ ಆ ಬನ್ಸ್ ಮೂರು ಪಾಲಾಗುವುದು, ಇದು ನಮ್ಮ ಬೆಳಗಿನ ಪೂಜೆಯಂತೆ ಎಷ್ಟೋ ವರ್ಷ ತಪ್ಪದೆ ನಡೆದಿತ್ತು. ಪರಊರಿನಲ್ಲಿ ಇದಕ್ಕಿಂತ ದೊಡ್ಡ ನೆಂಟಸ್ತಿಕೆ ಇನ್ನೇನಿದೆ? ಅದರಲ್ಲೂ ರೊನಾಲ್ಡ್ ಬರುವ ಬೇಸಿಗೆಗೆ ಕೆಲಸ ಮುಗಿಸಿ ಊರಿಗೇ ಹೊರಡುವವನು. ಉಳಿದಿದ್ದ ಬೆಳಗುಗಳು ಅಷ್ಟೇ.

ಅಂಥ ಹೊತ್ತಿನಲ್ಲಿ ನಾನು ಜರ್ಮನಿಗೆ ಹೋಗಿಬಂದೆ. ತೊಂದರೆ ಶುರುವಾದದ್ದು ಅಲ್ಲಿಂದ.

ನನ್ನ ಹೆಂಡತಿ ಸುಮತಿಯ ತಂಗಿ ನಳಿನಿ ಅಲ್ಲಿ ನರ್ಸ್. ಅವಳ ಗಂಡ ಹೆಲ್ಮುಟ್ ಅಲ್ಲಿಯವನೇ. ಲೆಕ್ಕಕ್ಕೆ ಅವನು ನನಗೆ ಷಡ್ಡಕನಾಗಬೇಕು. ಜರ್ಮನ್ ಷಡ್ಡಕ ಇರುವ ಮನುಷ್ಯ ನಮ್ಮ ಊರಿನ ಕಡೆ ಬಹುಶಃ ನಾನೊಬ್ಬನೇ ಎಂಬ ಸಣ್ಣ ಹೆಮ್ಮೆಯೂ ನನಗಿತ್ತು. ನಳಿನಿ ನನ್ನನ್ನು ಭಾವ ಎನ್ನುವುದನ್ನು ಕೇಳಿ ಕೇಳಿ ಹೆಲ್ಮುಟ್ ಕೂಡ ‘ಬಾವಾ’ ಎಂದೇ ಕರೆಯುತ್ತಾನೆ. ಉಳಿದ ಮಾತೆಲ್ಲ ಇಂಗ್ಲಿಷು. ಅವನನ್ನು ನೋಡಿದ ಮೊದಲ ದಿನವೇ ನನಗೆ ಕಳೆದುಹೋದ ನನ್ನ ವಾರ್ಡನ್ ಪಾದ್ರಿಗಳು ಸಿಕ್ಕಿದಂತಾಯಿತು. ಕಾರನ್ನು ಅವನ ಹೊರತು ಯಾರೂ ಓಡಿಸುವುದಿಲ್ಲ, ಆದರೂ ಹೊರಡುವ ಮೊದಲು ಪ್ರತಿ ಸಲ ಕನ್ನಡಿಗಳನ್ನು ಪರೀಕ್ಷಿಸುತ್ತಾನೆ. ಎಲ್ಲರ ಬೆಲ್ಟು ಟಕ್ ಎಂದ ಮೇಲೆಯೇ ಎಂಜಿನ್ನು. ಕಾರಿನೊಳಗೆ ನೀರಿನ ಬಾಟಲಿ ತೆರೆಯುವುದಕ್ಕೂ ನಳಿನಿ ಅವನ ಮುಖ ನೋಡುತ್ತಾಳೆ. ಭಾನುವಾರ ಕಾರು ತೊಳೆಯುವುದು ಸಭ್ಯರ ಲಕ್ಷಣವಲ್ಲವಂತೆ. ನೆರೆಯವರ ಮೌನ ಕೆಡುತ್ತದೆ. ಚಳಿಗೆ ಬೇರೆ ಟಯರು, ಬಿಸಿಲಿಗೆ ಬೇರೆ ಟಯರು. ಮನುಷ್ಯರಿಗೆ ಸ್ವೆಟರ್ ಇದ್ದಂತೆ.

ಒಂದು ಬೆಳಿಗ್ಗೆ ವಾಕಿಂಗ್ ಹೋದಾಗ ದಾರಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ರಸ್ತೆ ದಾಟುವಲ್ಲಿ ಕೆಂಪು ದೀಪವಿತ್ತು. ನಾನು ಕಾಲು ಇಳಿಸಿದೆ. ಆಚೆ ಬದಿಯಿಂದ ಒಬ್ಬ ಅಜ್ಜಿ ಏನೋ ಗಟ್ಟಿಯಾಗಿ ಹೇಳಿದರು. “ಮಕ್ಕಳು ನಿಮ್ಮನ್ನು ನೋಡಿ ಎಂಥ ಕಲೀಬೇಕು ಅಂತ ಕೇಳ್ತಿದ್ದಾರೆ ಭಾವ,” ಎಂದಳು ನಳಿನಿ. ಮಕ್ಕಳೆಲ್ಲಿ ಎಂದು ನಾನು ಸುತ್ತ ನೋಡಿದೆ. “ಯಾವುದಾದರೂ ಕಿಟಕಿಯಲ್ಲಿ ಇರಬಹುದಲ್ಲ.” ನಾನು ಇಳಿಸಿದ ಕಾಲನ್ನು ಮೇಲಕ್ಕೆತ್ತಿ ನಿಂತೆ. ನಾಚಿಕೆಯಾಯಿತು, ಜೊತೆಗೆ ವಿಚಿತ್ರವಾದ ಸುಖವೂ ಆಯಿತು. ಯಾರೂ ಇಲ್ಲದ ರಸ್ತೆಗೂ ಗೌರವ ಕೊಡುವ ಜನ!

ಕೊನೆಗೆ ನನ್ನ ಕನಸಿನ ದಾರಿಗೂ ಕರೆದೊಯ್ದರು. ಮಿತಿ ಮುಗಿಯಿತು ಎಂಬ ಫಲಕ ಬಂದ ಮೇಲೆ ಹೆಲ್ಮುಟ್ ಒಂದು ತಂಗುದಾಣದಲ್ಲಿ ನಿಲ್ಲಿಸಿ ಸ್ಟಿಯರಿಂಗನ್ನು ನನಗೆ ಬಿಟ್ಟುಕೊಟ್ಟ. ಬಲಗಡೆಯ ಸಾಲಿನಲ್ಲೇ ಹೋಗಬೇಕು, ದಾಟುವುದಾದರೆ ಎಡದಿಂದ ಮಾತ್ರ, ದಾಟಿದ ಕೂಡಲೆ ಮತ್ತೆ ಬಲಕ್ಕೆ ಎಂದು ಹೇಳಿಕೊಟ್ಟ. ನಾನು ಬಲಕ್ಕೆ ಹೋದೆ. ಮುಂದೆ ಚೀಸಿನ ಲಾರಿಯೊಂದಿತ್ತು. ಅದರ ಹಿಂಬಾಗಿಲ ಮೇಲೆ ಒಂದು ಹಸುವಿನ ಚಿತ್ರ. ಎಡದ ಸಾಲಿನಲ್ಲಿ ಕಾರುಗಳು ಬರುತ್ತಿರಲಿಲ್ಲ, ಸುಯ್ಯೆಂದು ಬಂದು ಹೋಗಿಯೇ ಇರುತ್ತಿದ್ದವು. ಕನ್ನಡಿಯಲ್ಲಿ ಸಾಸಿವೆಯಷ್ಟು ಕಂಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ನನ್ನ ಕಾಲು ಬ್ರೇಕಿನ ಮೇಲಿಂದ ಏಳಲೇ ಇಲ್ಲ. ಜೀವನವಿಡೀ ಕನಸಿನಲ್ಲಿ ಕಂಡ ಆ ಮಿತಿಯಿಲ್ಲದ ದಾರಿಯನ್ನು ನಾನು ಪೂರ್ತಿಯಾಗಿ ಒಂದು ಹಸುವಿನ ಹಿಂದೆ ಕಳೆದೆ. ಹಿಂದಿನ ಸೀಟಿನಲ್ಲಿ ಸುಮತಿ, “ಇದಕ್ಕೆ ಇಷ್ಟು ದೂರ ಯಾಕೆ ಬರಬೇಕಿತ್ತು? ಹಸು ಊರಲ್ಲಿ ಇರಲಿಲ್ವಾ?” ಎಂದಳು.

ಆದರೆ ಹಿಂದಿರುಗುವಾಗ ಒಂದು ನೋಟ ಕಂಡೆ. ಮುಂದೆಲ್ಲೋ ಅಪಘಾತವಾಗಿ ವಾಹನಗಳು ನಿಂತವು. ನಿಲ್ಲುವ ಮೊದಲೇ, ಯಾರೂ ಹೇಳದೆ, ಎಡದವರು ಎಡಕ್ಕೆ ಸರಿದರು, ಬಲದವರು ಬಲಕ್ಕೆ ಸರಿದರು. ಬಾಚಣಿಗೆಯಿಂದ ಬೈತಲೆ ತೆಗೆದ ಹಾಗೆ ನಡುವೆ ಉದ್ದಕ್ಕೆ ಒಂದು ದಾರಿ ಮೂಡಿತು. ಅದರಲ್ಲಿ ಆಂಬುಲೆನ್ಸ್ ಹಾದುಹೋಯಿತು. ನಮ್ಮೂರಿನ ಎಕ್ಸ್‌ಪ್ರೆಸ್ ಬಸ್ಸುಗಳ ನೆನಪಾಯಿತು ನನಗೆ. ಹಾರ್ನೇ ಅವುಗಳ ಉಸಿರು. ಕಂಡಕ್ಟರು ಬಾಗಿಲಲ್ಲಿ ಜೋತುಕೊಂಡು ‘ರೈಟ್ ಪೋಯಿ’ ಎಂದು ಕೂಗಿದರೆ ಎದುರಿನವನು ತಾನಾಗಿಯೇ ಚರಂಡಿಗೆ ಇಳಿಯಬೇಕು. ಅಲ್ಲಿಯೂ ದಾರಿ ಬಿಡುತ್ತಾರೆ, ಜೀವಭಯದಿಂದ. ಇಲ್ಲಿ ಯಾರ ಮುಖದಲ್ಲೂ ಭಯವಿರಲಿಲ್ಲ. ನನ್ನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಅಂದೇ ನಿಶ್ಚಯಿಸಿದೆ. ಇನ್ನು ನಾವಿರುವ ಮೈದಾನ್ ಹವಲ್ಲಿಯಲ್ಲಿ ಒಬ್ಬನಾದರೂ ಜರ್ಮನ್ ಇರಬೇಕು.

ಕುವೈತಿಗೆ ಬಂದ ಮೊದಲ ಭಾನುವಾರ, ಅಂದರೆ ಇಲ್ಲಿನ ವಾರದ ಮೊದಲ ಕೆಲಸದ ದಿನ, ಸುಧಾರಣೆ ಆರಂಭವಾಯಿತು. ಮುಂದಿನ ಕಾರಿಗೂ ನನಗೂ ನಡುವೆ ಸಾಕಷ್ಟು ಅಂತರ ಬಿಟ್ಟೆ. ಅಂತರ ಎಂಬುದು ಜರ್ಮನಿಯಲ್ಲಿ ಸುರಕ್ಷತೆ. ಇಲ್ಲಿ ಅದು ಖಾಲಿ ನಿವೇಶನ. ಬಲದಿಂದೊಬ್ಬ ಬಂದು ಸೇರಿದ, ಎಡದಿಂದೊಬ್ಬ. ನಾನು ಮತ್ತೆ ಅಂತರ ಬಿಟ್ಟೆ, ಮತ್ತಿಬ್ಬರು ಬಂದರು. ಎರಡು ಸಾಲು ಒಂದಾಗುವಲ್ಲಿ ಜರ್ಮನರು ಝಿಪ್ಪಿನ ಹಲ್ಲುಗಳಂತೆ ಆಚೆಯಿಂದೊಂದು ಈಚೆಯಿಂದೊಂದು ಬರುತ್ತಾರೆ ಎಂದು ಗೆಳೆಯರಿಗೆ ವಿವರಿಸುತ್ತಾ ಒಬ್ಬನಿಗೆ ದಾರಿ ಬಿಟ್ಟೆ. ಅವನ ಬೆನ್ನು ಹಿಡಿದು ಒಂದು ಮೆರವಣಿಗೆಯೇ ಬಂತು.

ರೊನಾಲ್ಡ್ ಒಂದು ಕಣ್ಣು ತೆರೆದ. “ವಿಠಲಣ್ಣ, ಝಿಪ್ ಅಂದ್ರೆ ಎರಡೂ ಕಡೆ ಹಲ್ಲು ಬೇಕಲ್ವಾ? ನಿಮ್ಮದು ಝಿಪ್ ಅಲ್ಲ ಮಾರಾಯ್ರೆ, ಹರಿದ ಪ್ಯಾಂಟು.”

“ಒಬ್ಬ ಶುರು ಮಾಡಬೇಕು ರೊನಾಲ್ಡ್. ನೋಡಿ ನೋಡಿ ಉಳಿದವರು ಕಲೀತಾರೆ.”

“ಕಲೀಲಿ, ಕಲೀಲಿ. ಆದ್ರೆ ನಾವು ಮುಂದೆ ಹೋಗ್ತಾ ಇದ್ದೇವಾ, ಹಿಂದೆ ಹೋಗ್ತಾ ಇದ್ದೇವಾ? ಆ ಪೆಟ್ರೋಲ್ ಪಂಪು ಆಗ್ಲೇ ದಾಟಿದ ಹಾಗೆ ಇತ್ತು.”

ದಿವಾಕರ ಹಿಂದಿನಿಂದ ಪೊಟ್ಟಣ ಬಿಚ್ಚಿದ. ಕಾರಿನೊಳಗೆ ತಿನ್ನುವುದು ಇನ್ನು ಮುಂದೆ ಬೇಡ ಎಂದೆ. ಚಾಲಕನ ಗಮನ ಕೆಡುತ್ತದೆ, ಸೀಟಿಗೆ ಎಣ್ಣೆಯಾಗುತ್ತದೆ. ಅವನು ಬಿಚ್ಚಿದ ಪೊಟ್ಟಣವನ್ನು ಹಾಗೆಯೇ ಮಡಚಿದ. ಬನ್ಸಿನ ಬಾಳೆಹಣ್ಣು, ಜೀರಿಗೆಯ ವಾಸನೆ ಮಿರ್ಕಾಬಿನವರೆಗೆ ನಮ್ಮ ನಡುವೆ ನಾಲ್ಕನೆಯವನ ಹಾಗೆ ಮುಖ ಊದಿಸಿಕೊಂಡು ಕೂತಿತ್ತು.

ಎಲ್ಲಕ್ಕಿಂತ ದೊಡ್ಡ ಸುಧಾರಣೆ ಹಾರ್ನಿನದು. ಹಾರ್ನ್ ಇರುವುದು ಅಪಾಯ ತಿಳಿಸಲಿಕ್ಕೆ ಮಾತ್ರ ಎಂದಿದ್ದ ಹೆಲ್ಮುಟ್. ಕುವೈತಿನಲ್ಲಿ ಅದರ ಉಪಯೋಗ ಬೇರೆ. ಇಲ್ಲಿ ಬಕಾಲ ಎನ್ನುವ ಬೀದಿ ಬದಿಯ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದು ಸಲ ಪೀಂ ಎಂದರೆ ಅಂಗಡಿಯವರೇ ಹೊರಗೆ ಬರುತ್ತಾರೆ. ಹಾಲು, ಖುಬ್ಬೂಸು ರೊಟ್ಟಿ, ಚಹಾ, ಬೇಕಾದ್ದು ಕಿಟಕಿಗೇ ಬರುತ್ತದೆ. ಮಹಾರಾಜರು ಆನೆಯ ಮೇಲಿಂದ ಇಳಿಯದ ಹಾಗೆ ಜನ ಕಾರಿನಿಂದ ಇಳಿಯುವುದಿಲ್ಲ. ನಾನು ಪ್ರತಿ ಸಂಜೆ ಮೊಯ್ದುವಿನ ಬಕಾಲದ ಮುಂದೆ ಹಾಗೆಯೇ ಚಹಾ ಕುಡಿಯುತ್ತಿದ್ದವನು. ಈಗ ಹಾರ್ನ್ ಮಾಡದೆ, ಇಂಡಿಕೇಟರ್ ಹಾಕಿ, ಅಂಗಡಿಯತ್ತ ನೋಡುತ್ತಾ ಕೂತೆ. ನನ್ನ ಹಿಂದೆ ಬಂದವರೆಲ್ಲ ಪೀಂ ಎಂದು ಚಹಾ ಕುಡಿದು ಹೋದರು. ಬಹಳ ಹೊತ್ತಿನ ಮೇಲೆ ಮೊಯ್ದುವೇ ಬಂದು ಕಿಟಕಿ ತಟ್ಟಿ, “ಕ್ಯಾ ಹುವಾ ಭಾಯಿ, ತಬಿಯತ್ ಠೀಕ್ ಹೈ?” ಎಂದ. ಇಳಿದು ಹೋಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಹೌದು. ಆದರೆ ಆ ಸಂಜೆಯ ನೀಲಿ ಬೆಳಕಿನಲ್ಲಿ, ಇಂಡಿಕೇಟರಿನ ಟಿಕ್ ಟಿಕ್ ಕೇಳುತ್ತಾ, ಕಾಡಿನ ದಾರಿಯ ನೆನಪಿನಲ್ಲಿ ನಾನು ಚಹಾವನ್ನೇ ಮರೆತಿದ್ದೆ.

ದಿವಾಕರನ ಕಟ್ಟಡದ ಕೆಳಗೂ ಹೀಗೆಯೇ ಕಾಯತೊಡಗಿದೆ. ಫೋನ್ ಮಾಡೋಣವೆಂದರೆ ಸ್ಟಿಯರಿಂಗಿನ ಮುಂದೆ ಕೂತು ಫೋನ್ ಹಿಡಿಯುವುದು ಇನ್ನೂ ದೊಡ್ಡ ಅಪರಾಧ. ನಾವು ಬಂದದ್ದು ಅವನಿಗೆ ಗೊತ್ತಾಗುತ್ತಿರಲಿಲ್ಲ, ನಾವು ಬರಲಿಲ್ಲವೆಂದು ಅವನು ಮೇಲೆ ಕಾಯುತ್ತಿದ್ದ. ಒಂದು ದಿನ ಹೀಗೆ ಅವನು ಮೇಲೆ, ನಾವು ಕೆಳಗೆ ಪರಸ್ಪರ ಕಾದು ಮೂವರೂ ಕೆಲಸಕ್ಕೆ ತಡವಾದೆವು. ಶಿಸ್ತಿನಿಂದಾಗಿ ತಡವಾದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮರುದಿನ ದಿವಾಕರ ತಲೆ ಕೆರೆಯುತ್ತಾ ಹೇಳಿದ. “ವಿಠಲಣ್ಣ, ಹೋಟೆಲಿನ ವ್ಯಾನ್ ಈ ಬದಿಗೆ ಬರ್ತದಂತೆ. ನಾನು ಅದ್ರಲ್ಲೇ ಹೋಗ್ತೇನೆ. ನಿಮಗೆ ಯಾಕೆ ಸುಮ್ನೆ ತೊಂದ್ರೆ.” ಒಂದು ವಾರದಲ್ಲಿ ರೊನಾಲ್ಡ್ ಕೂಡ ಬಸ್ಸು ಹಿಡಿದ. ಅವನು ಕಾರಣ ಹುಡುಕಲಿಲ್ಲ. “ನಿಮ್ಮ ಜರ್ಮನಿ ಒಳ್ಳೇದೇ ಇರ್ಬಹುದು ವಿಠಲಣ್ಣ. ನನಗೆ ವೀಸಾ ಇಲ್ಲ ಅಷ್ಟೆ,” ಎಂದ.

ಆಮೇಲಿನ ಬೆಳಗುಗಳಲ್ಲಿ ಕಾರು ಬಹಳ ದೊಡ್ಡದಾಗಿ ಕಾಣುತ್ತಿತ್ತು. ಪಕ್ಕದ ಸೀಟಿನಲ್ಲಿ ಬೆಲ್ಟು ಮಾತ್ರ ಜೋತುಬಿದ್ದಿತ್ತು. ಯಾರೂ ಗೊಣಗುವವರಿಲ್ಲ, ಎಣ್ಣೆಯ ವಾಸನೆಯಿಲ್ಲ, ಎಲ್ಲ ಹೆಲ್ಮುಟನ ಕಾರಿನಷ್ಟೇ ಶುಭ್ರ. ಆದರೆ ಕನಸು ಬರುವುದು ನಿಂತಿತು. ಕೆಂಪು ದೀಪದ ಮುಂದೆ ಕಾಡನ್ನು ಕರೆದರೆ ಬರುವುದು ಆ ಲಾರಿಯ ಹಸು. ಪಕ್ಕದಲ್ಲಿ ಎಬ್ಬಿಸುವವರಿದ್ದರೆ ತಾನೆ ಕನಸಿಗೂ ಧೈರ್ಯ? ಆದರೂ ನನ್ನ ಕಾರು ಮಾತ್ರ ದಿನವೂ ಹಿಂದಿನ ಬೀದಿಗೆ ತಿರುಗಿ ದಿವಾಕರನ ಕಟ್ಟಡದ ಕೆಳಗೆ ಒಂದಿಷ್ಟು ಹೊತ್ತು ನಿಂತೇ ಮುಂದೆ ಹೋಗುತ್ತಿತ್ತು. ಸುಮತಿಗೆ ಇದು ಹೇಗೋ ಗೊತ್ತಾಯಿತು. “ಬೇಸಿಗೆಗೆ ರೊನಾಲ್ಡ್ ಹೋಗ್ತಾರೆ. ಆಮೇಲೆ ನೀವು ಯಾರಿಗೆ ಶಿಸ್ತು ಕಲಿಸ್ತೀರಿ? ಹೋಗಿ ಒಂದು ಮಾತಾಡಿ ಮಾರಾಯ್ರೆ,” ಎಂದಳು. ಹೋಗಬಹುದಿತ್ತು. ಆದರೆ ಏನೆಂದು ಹೇಳುವುದು? ವಾರ್ಡನ್ ಪಾದ್ರಿಗಳು ತಪ್ಪಿಗೆ ಶಿಕ್ಷೆ ಕಲಿಸಿದ್ದರು, ಸರಿ ಮಾಡಿದ್ದರಿಂದ ಆದ ತಪ್ಪಿಗೆ ಏನೂ ಕಲಿಸಿರಲಿಲ್ಲ.

ಚಳಿಗಾಲದಲ್ಲಿ ನಳಿನಿ, ಹೆಲ್ಮುಟ್ ಕುವೈತಿಗೆ ಬಂದರು. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ನಾನು ಅಂತರ ಬಿಟ್ಟು, ಬಲದ ಸಾಲಿನಲ್ಲಿ, ಪರೀಕ್ಷೆಗೆ ಕೂತ ವಿದ್ಯಾರ್ಥಿಯಂತೆ ಓಡಿಸಿದೆ. ಹೆಲ್ಮುಟ್ ನನ್ನನ್ನು ನೋಡಲೇ ಇಲ್ಲ. ಪಕ್ಕದ ಕಾರಿನವನೊಬ್ಬ ಐದೂ ಬೆರಳಿನ ತುದಿ ಕೂಡಿಸಿ ನನಗೆ ತೋರಿಸಿದ್ದನ್ನು ನೋಡಿ ಗಾಬರಿಯಾದ. ಅವರ ಊರಿನಲ್ಲಿ ಕಾರಿನಿಂದ ಬೆರಳು ತೋರಿಸಿ ಅವಮಾನಿಸಿದರೆ ಕೇಸಾಗುತ್ತದಂತೆ. ‘ಸ್ವಲ್ಪ ತಾಳಿಕೋ’ ಎಂದು ಅದರ ಅರ್ಥ ಎಂದೆ. ಹೆಲ್ಮುಟ್ ತನ್ನ ಬೆರಳುಗಳನ್ನು ಕೂಡಿಸಿ ನೋಡಿಕೊಂಡ. ದಾರಿಯುದ್ದಕ್ಕೂ ಕೂಡಿಸುತ್ತಲೇ ಇದ್ದ. ಸಂಜೆ ಮೊಯ್ದುವಿನ ಬಕಾಲದ ಮುಂದೆ ಬೇರೆಯವರಿಗೆಲ್ಲ ಚಹಾ ಕಿಟಕಿಗೇ ಬರುವುದನ್ನು ಕಂಡು ಅವನ ನೀಲಿ ಕಣ್ಣುಗಳು ಅರಳಿದವು. ಇಂಡಿಕೇಟರ್ ಹಾಕಿ ಕಾಯುತ್ತಿದ್ದ ನನ್ನನ್ನು ಆಗ ಮೊದಲ ಸಲ ನೋಡಿದ. ಕನಿಕರದಿಂದ ನೋಡಿದನೆಂದು ನನ್ನ ಅನುಮಾನ.

ಮರುದಿನ ಬೆಳಿಗ್ಗೆ ಅವನೂ ಆಫೀಸಿನ ದಾರಿ ನೋಡಬೇಕೆಂದು ಹೊರಟ. ಅಭ್ಯಾಸದಂತೆ ಕಾರು ಹಿಂದಿನ ಬೀದಿಯಲ್ಲಿ ನಿಂತಿತು.

“ಇಲ್ಲಿ ಯಾಕೆ ನಿಂತೆವು ಬಾವಾ?”

“ಇಲ್ಲಿ ನನ್ನ ಗೆಳೆಯನಿದ್ದಾನೆ.”

“ಅವನು ಬರುತ್ತಾನಾ?”

“ಇಲ್ಲ.”

ಹೆಲ್ಮುಟ್ ಕಟ್ಟಡವನ್ನು ನೋಡಿದ, ನನ್ನನ್ನು ನೋಡಿದ. “ನೀನು ಬಂದದ್ದು ಅವನಿಗೆ ಗೊತ್ತಾ?”

ಮೊದಲೆಲ್ಲ ಹಾರ್ನ್ ಮಾಡುತ್ತಿದ್ದೆ, ಆದರೆ ಹಾರ್ನ್ ಅಪಾಯಕ್ಕೆ ಮಾತ್ರ ಎಂದು ನೀನೇ ಹೇಳಿದೆಯಲ್ಲ ಎಂದೆ. ಸ್ವಲ್ಪ ಚುಚ್ಚುವ ಹಾಗೆಯೇ ಹೇಳಿದೆ. ಹೆಲ್ಮುಟ್ ಬಹಳ ಹೊತ್ತು ಯೋಚಿಸಿದ. ಜರ್ಮನರು ಯೋಚಿಸುವುದನ್ನೂ ಅರ್ಧಕ್ಕೆ ಬಿಡುವುದಿಲ್ಲ. “ಗೆಳೆಯ ಬರದೇ ಹೋಗುವುದು ಅಪಾಯವಲ್ಲವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ನನ್ನ ಎದೆಯ ಮುಂದೆ ಉದ್ದನೆಯ ಕೈ ಚಾಚಿ ಹಾರ್ನ್ ಒತ್ತಿದ. ನಾನು ಮಾಡುತ್ತಿದ್ದುದು ಚಿಕ್ಕ ಎರಡು ಪೀಂ. ಅವನದು ಹಡಗು ಬಂದರು ಬಿಡುವಾಗಿನ ಸದ್ದು. ಜೀವಮಾನವಿಡೀ ಒತ್ತದೆ ಉಳಿಸಿದ ಹಾರ್ನನ್ನೆಲ್ಲ ಒಂದೇ ಸಲ ಒತ್ತಿಬಿಟ್ಟ.

ಕಿಟಕಿಗಳು ತೆರೆದವು. ಒಂದು ಕಿಟಕಿಯಿಂದ ಒಬ್ಬ ಅರಬ್ ಅಜ್ಜಿ ತನ್ನ ಕೈಗಡಿಯಾರ ನೋಡಿಕೊಂಡು, ಹಳೆಯ ಹಾರ್ನು ವೇಳೆಗೆ ಸರಿಯಾಗಿ ಬಂತೆಂಬ ಸಮಾಧಾನದಿಂದ ತಲೆಯಾಡಿಸಿದರು. ಬಾಲ್ಕನಿಯಲ್ಲಿ ದಿವಾಕರ, ಬನಿಯನ್ನು, ಮುಖದಲ್ಲಿ ಅರ್ಧ ಶೇವಿಂಗಿನ ನೊರೆ. “ಬಂದೆ ವಿಠಲಣ್ಣಾ, ಬಂದೆ ಬಂದೆ!” ನಡುವೆ ಅಷ್ಟು ವಾರಗಳು ಕಳೆದದ್ದೇ ಸುಳ್ಳೆಂಬಂತೆ. ಸ್ವಲ್ಪ ಹೊತ್ತಿನಲ್ಲಿ ಒಂದು ಕೈಯಲ್ಲಿ ಟೈ, ಇನ್ನೊಂದರಲ್ಲಿ ಪೊಟ್ಟಣ ಹಿಡಿದು ಹಿಂದಿನ ಸೀಟಿಗೆ ಬಿದ್ದ. ಹೋಟೆಲಿನ ವ್ಯಾನ್ ಬರುವುದಿಲ್ಲವೇ ಎಂದು ನಾನು ಕೇಳಲಿಲ್ಲ.

ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿ ರೊನಾಲ್ಡ್ ನಿಂತಿದ್ದ. ದಿವಾಕರ ಕಿಟಕಿಯಿಂದ ತಲೆ ಹಾಕಿ, “ಯಲ್ಲಾ ರೊನಾಲ್ಡ್, ಹತ್ತು ಮಾರಾಯ, ಬನ್ಸ್ ತಣಿತದೆ!” ಎಂದ. ರೊನಾಲ್ಡ್ ಬಗ್ಗಿ ಒಳಗೆ ನೋಡಿದ. ಮುಂದಿನ ಸೀಟಿನಲ್ಲಿ ಹೆಲ್ಮುಟ್, ಅವನ ಇಸ್ತ್ರಿಯ ಶರ್ಟಿನ ಮೇಲೆ ಬನ್ಸಿನ ಪುಡಿ, ಬಾಯಿ ತುಂಬ ಬನ್ಸು.

“ಇವರೇನಾ ನಿಮ್ಮ ಜರ್ಮನಿ?” ರೊನಾಲ್ಡ್ ಕೇಳಿದ.

“ಇವರೇ,” ಎಂದೆ.

“ಹಾಗಾದ್ರೆ ವೀಸಾ ಸಿಕ್ಕಿತು,” ಎಂದು ಹಿಂದೆ ಹತ್ತಿ ಕೂತು ಕಣ್ಣು ಮುಚ್ಚಿದ. ಅಷ್ಟೇ. ನಾನು ಮನಸ್ಸಿನಲ್ಲೇ ಸಿದ್ಧಪಡಿಸಿಟ್ಟಿದ್ದ ಮಾತುಗಳೆಲ್ಲ ವ್ಯರ್ಥವಾದವು. ಸಿಗ್ನಲಿನಲ್ಲಿ ಬನ್ಸ್ ನಾಲ್ಕು ಪಾಲಾಯಿತು. ಧೂಳು ಬೆರೆತ ಹಳದಿ ಬೆಳಕಿನೊಳಗೆ, ಬಹಳ ದಿನಗಳ ಮೇಲೆ, ಕಪ್ಪು ಹಸಿರು ಕಾಡು ಮೆಲ್ಲಗೆ ಎದ್ದು ನಿಂತಿತು. ಹಸುವಿರಲಿಲ್ಲ. “ಹಸಿರು ಬಂತು ವಿಠಲಣ್ಣ,” ಎಂದ ರೊನಾಲ್ಡ್, ಕಣ್ಣು ತೆರೆಯದೆಯೇ. ಅದು ಅವನಿಗೆ ಹೇಗೆ ಗೊತ್ತಾಗುತ್ತದೆಯೋ ದೇವರೇ ಬಲ್ಲ.

ಹೆಲ್ಮುಟ್ ಇದ್ದಷ್ಟು ದಿನ ಬಕಾಲದ ಮುಂದೆ ಹಾರ್ನ್ ಮಾಡುವ ಹಕ್ಕನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವರು ಹೋಗಿ ಒಂದು ವಾರವಾಗಿರಬಹುದು, ನಳಿನಿಯ ಫೋನ್ ಬಂತು.

“ಭಾವ, ನೀವು ಇವರಿಗೆ ಎಂಥ ಕಲಿಸಿ ಕಳಿಸಿದ್ದೀರಿ? ನಿನ್ನೆ ಬೇಕರಿ ಎದುರು ಕಾರು ನಿಲ್ಲಿಸಿ ಹಾರ್ನ್ ಮಾಡಿದ್ದಾರೆ. ಇಳೀಲೇ ಇಲ್ವಂತೆ! ಇಡೀ ಬೀದಿ ಹೊರಗೆ ಬಂತು. ಇವರು ಬೆರಳು ಕೂಡಿಸಿ ಎಲ್ಲರಿಗೂ ತೋರಿಸ್ತಾ ಕೂತಿದ್ದಾರೆ. ನನಗೆ ತಲೆ ಎತ್ತಿ ನಡೀಲಿಕ್ಕಿಲ್ಲ.”

ಇದು ಶುದ್ಧ ಅಶಿಸ್ತು, ನಾನು ಅವನಿಗೆ ಬುದ್ಧಿ ಹೇಳುತ್ತೇನೆ ಎಂದು ಗಂಭೀರವಾಗಿ ಹೇಳಿದೆ. ಎದುರಿಗೆ ಸುಮತಿ ಕಿವಿಗೊಟ್ಟು ಕೂತಿದ್ದಳು. ಆದರೂ ತಡೆಯಲಾಗದೆ ದನಿ ತಗ್ಗಿಸಿ ಕೇಳಿದೆ. “ಬ್ರೆಡ್ ತಂದು ಕೊಟ್ಟರಾ?”

“ತಂದು ಕೊಟ್ಟರು ಭಾವ, ಅದೇ ಆದದ್ದು! ಇನ್ನು ಇವರು ಕಾರಿಂದ ಇಳಿಯುವವರಲ್ಲ.”

ಅಂದು ಸಂಜೆ ಮೊಯ್ದುವಿನ ಬಕಾಲದ ಮುಂದೆ ಕಾರು ನಿಲ್ಲಿಸಿದೆ. ಪಕ್ಕದಲ್ಲಿ ರೊನಾಲ್ಡ್ ನಿದ್ದೆ ಮಾಡುತ್ತಿದ್ದ. ಬೇಸಿಗೆ ಇನ್ನೂ ಸ್ವಲ್ಪ ದೂರವಿದೆ. ಕನ್ನಡಿ ನೋಡಿದೆ, ಹಿಂದಕ್ಕೆ ತಿರುಗಿ ನೋಡಿದೆ, ಎದುರಿನ ಕಿಟಕಿಗಳಲ್ಲಿ ಮಕ್ಕಳು ಯಾರಾದರೂ ಇದ್ದಾರೆಯೇ ಎಂದೂ ನೋಡಿದೆ. ಆಮೇಲೆ ಇಂಡಿಕೇಟರ್ ಹಾಕಿ, ಹಾರ್ನ್ ಒತ್ತಿದೆ.